ಅಕ್ಕ ಚೆಲ್ಲದ ನೀರು

ಪೋಂಪ್, ಪೋಂಪ್. ರಬ್ಬರ್ ಉಂಡೆ ಹಿಚುಕಿ ಊದುವ ಆ ಹಾರ್ನಿನ ಸದ್ದು ಬಾಳಗಡಿಯ ತಿರುವಿನಿಂದಲೇ ಕೇಳುತ್ತಿತ್ತು. ಮೀನಿನವನ ಸ್ಕೂಟರು. ಹಿಂದಿನ ಕ್ರೇಟಿನಲ್ಲಿ ಎನ್.ಆರ್. ಪುರದ ಹಿನ್ನೀರಿನ ಮೀನು, ರಸ್ತೆಯುದ್ದಕ್ಕೂ ತೊಟ್ಟಿಕ್ಕುವ ಐಸ್ ನೀರು, ಅದರ ವಾಸನೆ ಹಿಡಿದು ಬರುವ ಬೀದಿಯ ಬೆಕ್ಕುಗಳು. ನಮ್ಮ ಓಣಿಗೆಲ್ಲ ಅದು ಖುಷಿಯ ಸದ್ದು. ನನಗೆ ಮಾತ್ರ ಆ ವರ್ಷ ಅದು ಕಿವಿಗೆ ಬಿದ್ದ ಕೂಡಲೇ ಎದೆ ಧಸಕ್ಕೆನ್ನುತ್ತಿತ್ತು. ಅದರ ಬೆನ್ನಿಗೇ ಅಡುಗೆಮನೆಯಿಂದ ಗೇಟಿನ ಕಡೆಗೆ ಅಕ್ಕನ ಚಪ್ಪಲಿ ಸದ್ದು ಹೊರಡುತ್ತಿತ್ತಲ್ಲ, ಅದಕ್ಕೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ. ಮೇಗುಂದದ ಕಡೆಗೆ ಕೊಟ್ಟಿದ್ದೆವು. ಭಾವ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅವಳು, ಮದುವೆಯಾಗದೆ ಉಳಿದ ನಾನು, ಇಬ್ಬರೂ ಬಾಳಗಡಿಯ ನನ್ನ ಸಣ್ಣ ಮನೆಯಲ್ಲಿ ಒಟ್ಟಿಗೆ ಇದ್ದೆವು. ನಾನು ಕಾನ್ವೆಂಟಿನಲ್ಲಿ ಬೋರ್ಡಿಂಗ್ ಇದ್ದು ಓದಿದವಳು, ಇಂಗ್ಲಿಷ್ ಟೀಚರಾಗಿ ರಿಟೈರ್ ಆದವಳು. ದೊಡ್ಡ ಮಗಳು ಮನೆಗೆ ಬೇಕು ಎಂದು ಅವಳನ್ನು ಓದಿಸಲಿಲ್ಲ. ಅದಕ್ಕೆ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏ ಕಾನ್ವೆಂಟು, ಉಪ್ಪು ಎಲ್ಲಿಟ್ಟೀಯೇ?" ಎನ್ನುತ್ತಿದ್ದಳು. ಅಡುಗೆಮನೆ ಅವಳ ರಾಜ್ಯ. ನಾನು ಅಲ್ಲಿ ತರಕಾರಿ ಹೆಚ್ಚುವ ಅಸಿಸ್ಟೆಂಟು.

ನಮ್ಮದು ಬಾಡು ತಿನ್ನುವ ಮನೆಯೇ. ಆದರೆ ನಾವು ಚಿಕ್ಕವರಿದ್ದಾಗ ಬಾಡು ಎಂದರೆ ನೆಂಟರು ಬಂದಾಗ ಕೊಯ್ಯುವ ಮನೆಯ ಕೋಳಿ, ಮಳೆ ಹಿಡಿದಾಗ ಗದ್ದೆಯಂಚಿನ ಏಡಿ, ಯಾವತ್ತೋ ಒಂದಿನ ಹೊಳೆ ಮೀನು. ಉಳಿದ ದಿನವೆಲ್ಲ ಸೊಪ್ಪು, ಹುರುಳಿ, ಕಳಲೆ, ಕೆಸು. ಬ್ಯಾಲೆನ್ಸ್ಡ್ ಡಯಟ್ ಎಂಬ ಮಾತು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಕೋಳಿಗೂಡೇ ಅದನ್ನು ನೋಡಿಕೊಳ್ಳುತ್ತಿತ್ತು. ದಿನಾ ಕೊಯ್ದರೆ ಗೂಡು ಖಾಲಿ. ಈಗ ಗೂಡು ನಮ್ಮ ಹಿತ್ತಲಲ್ಲಿಲ್ಲ. ಎಲ್ಲಿಂದಲೋ ಲಾರಿಯಲ್ಲಿ ಬರುವ ಬಿಳಿ ಕೋಳಿಗಳು ಪ್ರತಿ ಸರ್ಕಲ್ಲಿನಲ್ಲೂ ಸಿಗುತ್ತವೆ, ಅವು ಮುಗಿಯುವುದೇ ಇಲ್ಲ. ಅಕ್ಕನಿಗೆ ಅದು ದಿನ ಬಿಟ್ಟು ದಿನ ಬೇಕಾಗಿತ್ತು. ನಡುವಿನ ದಿನ ಮೀನು.

ಅವಳ ಕಾಲು ಬಾತುಕೊಂಡಾಗ ಕೊಪ್ಪದಲ್ಲಿ ತೋರಿಸಿದೆವು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, ಎಷ್ಟೋ ವರ್ಷದ ಬಿ.ಪಿ., ಶುಗರು ಎರಡೂ ಸೇರಿ ಕಿಡ್ನಿಗಳನ್ನು ಸೋಲಿಸಿವೆ ಎಂದರು. "ಹೋದದ್ದು ವಾಪಸ್ ಬರೋದಿಲ್ಲ. ಉಳಿದಿದ್ದನ್ನ ಕಾಪಾಡಿಕೊಳ್ಳಬೇಕು. ಬಾಡು ಕಡಿಮೆ ಮಾಡಿ." ಅಕ್ಕ ತಲೆಯಾಡಿಸಿದಳು. ಹೊರಗೆ ಬಂದು ಆಟೋ ಹತ್ತುವಾಗ, "ಕಡಿಮೆ ಅಂದ್ರಲ್ಲ, ಬಿಡು ಅನ್ಲಿಲ್ಲ" ಎಂದಳು. ಅಪ್ಪ, ಅಮ್ಮ, ತಮ್ಮ, ಎಲ್ಲರೂ ಹೋಗಿ ಉಳಿದದ್ದು ಇವಳೊಬ್ಬಳು. ಇವಳೂ ಹೋದರೆ ನನ್ನನ್ನು 'ಏ' ಎಂದು ಕರೆಯುವವರು ಯಾರಿದ್ದಾರೆ?

ಹೆದರಿದ ಟೀಚರಮ್ಮ ಮಾಡುವುದೇನು? ಓದುವುದು. ಮ್ಯಾಗಜೀನು, ಫೋನು, ಸಿಕ್ಕಿದ್ದೆಲ್ಲ ಓದಿದೆ. ಎಲ್ಲ ಕಡೆ ಒಂದೇ ಮಾತು: ಮಾಂಸ ಇಳಿಸಿ, ಸೊಪ್ಪು ಕಾಳು ಏರಿಸಿ, ದೇಹಕ್ಕೂ ಒಳ್ಳೆಯದು, ಭೂಮಿಗೂ ಒಳ್ಳೆಯದು. ಮಾಂಸಕ್ಕೆ ಎಷ್ಟು ನೀರು ಬೇಕು, ಎಷ್ಟು ಕಾಡು ಹೋಗುತ್ತದೆ ಎಂದು ನಾನು ಊಟದ ಹೊತ್ತಿಗೆ ಅವಳಿಗೆ ಓದಿ ಹೇಳುತ್ತಿದ್ದೆ.

"ಹಂಗಾರೆ ನಾನು ತಿನ್ನೋ ಒಂದು ತುಂಡು ಮೀನಿಂದ ಭೂಮಿ ಮುಳುಗ್ತದಾ?" ಎಂದು ಅವಳು ಕೇಳಿದಳು.

"ಎಲ್ಲರೂ ಹಂಗೇ ಅಂದ್ಕಂಡ್ರೆ ಮುಳುಗ್ತದೆ ಅಕ್ಕಾ."

"ಎಲ್ಲರಿಗೂ ಹೇಳಿ ಬಾ ಹೋಗು. ಅಲ್ಲಿ ತಂಕ ನಾನು ಊಟ ಮುಗಿಸ್ತೀನಿ."

ಮೀನಿನವನ ಹತ್ತಿರವೂ ಇದೇ ಪಂಚಾಯ್ತಿ. ಹಿನ್ನೀರಿನಲ್ಲಿ ಈಗ ಮೊದಲಿನ ಹಾಗೆ ದೊಡ್ಡ ಮೀನು ಬೀಳುತ್ತಿಲ್ಲ, ಸೊಳ್ಳೆಪರದೆಯಂಥ ಬಲೆ ಹಾಕಿ ಮರಿಗಳನ್ನೂ ಬಾಚುತ್ತಾರೆ ಎಂದು ಅವನೇ ಗೊಣಗುತ್ತಿದ್ದ. "ಮರಿ ತಿಂದ್ರೆ ಮುಂದಿನ ವರ್ಷ ನೀ ಎಂತ ಮಾರ್ತೀಯ ಮಾರಾಯ, ಐಸಾ?" ಎಂದು ಅಕ್ಕ ಅವನನ್ನು ಬಯ್ದು, ಕ್ರೇಟಿನೊಳಗೆ ಕೈ ಹಾಕಿ ದೊಡ್ಡದನ್ನೇ ಆರಿಸುತ್ತಿದ್ದಳು.

ಕೊಪ್ಪದ ಡಾಕ್ಟರು ಒಮ್ಮೆ ಶಿವಮೊಗ್ಗಕ್ಕೆ ಹೋಗಿ ಕಿಡ್ನಿ ಸ್ಪೆಷಲಿಸ್ಟನ್ನು ನೋಡಿ ಬನ್ನಿ ಎಂದರು. ಹೋದೆವು. ಅಲ್ಲಿ ಊಟದ ವಿಷಯ ಹೇಳಲು ಬೇರೆಯೇ ಒಬ್ಬ ಡಯಟಿಷಿಯನ್ ಹುಡುಗಿ ಇದ್ದಳು. ಪೇಟೆಯಲ್ಲಿ ಹುಟ್ಟಿ ಬೆಳೆದವಳು, ಒಳ್ಳೆಯ ಹುಡುಗಿ, ಅವಸರವಿಲ್ಲದೆ ಹೇಳಿದಳು. ಬಾಡು ಪೂರ್ತಿ ಬಿಡಬೇಕಾಗಿಲ್ಲ ಅಜ್ಜಿ, ಬೆಂಕಿಪೊಟ್ಟಣದಷ್ಟು ಮೀನು, ಇಲ್ಲವೇ ಮೊಟ್ಟೆಯ ಬಿಳಿ ಇರಲಿ, ಇಲ್ಲದಿದ್ದರೆ ಮೈಯಲ್ಲಿ ಶಕ್ತಿ ಹೋಗುತ್ತದೆ. ಕಾಳು ಮಿತವಾಗಿರಲಿ. ಎಳನೀರು, ಬಾಳೆಹಣ್ಣು ಬೇಡ. ಸೊಪ್ಪು ತರಕಾರಿ ತಿನ್ನಿ, ಆದರೆ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ನೀರು ಬಸಿದು, ಆಮೇಲೆ ಒಗ್ಗರಣೆ ಹಾಕಿ.

"ತಿಳೀತಾ ಅಜ್ಜಿ? ನೀರು ಬಸೀಲೇಬೇಕು."

"ಅದನ್ನ ನಂಗೆ ಹೇಳಿಕೊಡ್ತೀಯನೇ? ನಾನು ಹುಟ್ಟಿದಾಗ್ಲಿಂದ ಬಸೀತಾ ಇದೀನಿ" ಎಂದಳು ಅಕ್ಕ. ಹುಡುಗಿ ನಕ್ಕಳು. ನಾನೂ ನಕ್ಕೆ.

ಬೆಂಕಿಪೊಟ್ಟಣದ ಮಾತು ಅಕ್ಕನಿಗೆ ಅವಮಾನವಾಯಿತು. ಬಸ್ಸಿನಲ್ಲಿ ತೀರ್ಥಹಳ್ಳಿ ದಾಟುವ ತನಕ ಮುಖ ಊದಿಸಿಕೊಂಡು ಕೂತಿದ್ದಳು. ಆಮೇಲೆ, "ಅಷ್ಟನ್ನ ನಾನು ಬೆಕ್ಕಿಗೂ ಹಾಕಾದಿಲ್ಲ. ತಿಂದ್ರೆ ತಿಂದಂಗಿರ್ಬೇಕು, ಇಲ್ಲಾಂದ್ರೆ ಬೇಡ್ವೇ ಬೇಡ. ನಿನ್ನ ಭೂಮಿನೂ ಉಳೀಲಿ" ಎಂದಳು. ಮರುದಿನದಿಂದ ಪೋಂಪ್ ಸದ್ದು ಬಂದರೂ ಗೇಟಿನ ಕಡೆಗೆ ಚಪ್ಪಲಿ ಹೋಗಲಿಲ್ಲ. ಮೀನಿನವನು ಒಂದು ನಿಮಿಷ ಕಾದು, ಇನ್ನೊಮ್ಮೆ ಊದಿ, ಮುಂದೆ ಹೋಗುತ್ತಿದ್ದ. ನಾನು ದೇವರಿಗೆ, ಏಸುವಿಗೆ, ಇಬ್ಬರಿಗೂ ಥ್ಯಾಂಕ್ಸ್ ಹೇಳಿದೆ. ಬೋರ್ಡಿಂಗ್ ಹುಡುಗಿಯರ ಅಭ್ಯಾಸ.

ಅಕ್ಕ ಏನು ಮಾಡಿದರೂ ಪೂರ್ತಿಯೇ ಮಾಡುವವಳು. ಹಿರೇಕೊಡಿಗೆಯಿಂದ ಸೊಪ್ಪು ತರುವ ಹೆಂಗಸಿಗೆ ದಿನಾ ತರಲು ಹೇಳಿದಳು. ಹರಿವೆ, ಬಸಳೆ, ನುಗ್ಗೆ. ಸಣ್ಣಗೆ ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಹುಡುಗಿ ಹೇಳಿದ ಹಾಗೆಯೇ ಕುದಿಸಿ, ತಟ್ಟೆ ಮುಚ್ಚಿ, ಬಟ್ಟೆ ಹಿಡಿದು ಓರೆ ಮಾಡಿ ಬಸಿಯುತ್ತಿದ್ದಳು. ಸೊಪ್ಪು ಪಲ್ಯವಾಗುತ್ತಿತ್ತು. ಬಸಿದ ನೀರು ಬಸ್ಸಾರಾಗುತ್ತಿತ್ತು.

ಬಸಿಯುವುದು ಎಂದರೆ ನಮ್ಮಲ್ಲಿ ಅದೇ ತಾನೆ. ಅನ್ನ ಬಸಿದರೆ ತಿಳಿ. ಅದಕ್ಕೆ ಉಪ್ಪು ಹಾಕಿ ಮಕ್ಕಳಿಗೆ ಕುಡಿಸುವುದು, ಉಳಿದದ್ದು ಕರುವಿಗೆ, ಮಿಕ್ಕರೆ ಸೀರೆಗೆ ಗಂಜಿ. ಸೊಪ್ಪು ಕಾಳು ಬಸಿದರೆ ಸಾರು. ಬಸಿದದ್ದನ್ನು ಹೊರಗೆ ಸುರಿಯುವ ಸೊಸೆ ನಮ್ಮ ಅಜ್ಜಿಯ ಕಾಲದಲ್ಲಿ ಇದ್ದಿದ್ದರೆ ಅವಳನ್ನೇ ಹೊರಗೆ ಹಾಕುತ್ತಿದ್ದರು. ಇನ್ನು ನಮ್ಮ ಕಾನ್ವೆಂಟಿನ ಹೋಮ್ ಸೈನ್ಸ್ ಕ್ಲಾಸು. ಅಲ್ಲಿ ಬಿಳಿ ಗೌನಿನ ಸಿಸ್ಟರ್ ಒಬ್ಬರು, ತರಕಾರಿ ಬೆಂದ ನೀರನ್ನು ಎಂದೂ ಚೆಲ್ಲಬಾರದು, ವೈಟಮಿನ್ಸ್ ಎಲ್ಲ ಇರುವುದು ಅದರಲ್ಲೇ ಎಂದು ನಮ್ಮ ಕೈಯಲ್ಲಿ ಬರೆಸಿದ್ದರು. ಹೀಗೆ ಅಜ್ಜಿಯೂ ಸಿಸ್ಟರೂ ಒಪ್ಪಿದ ಒಂದೇ ಒಂದು ವಿಷಯ ಅದು. ಇಂಗ್ಲಿಷ್ ಬಲ್ಲ ನಾನು, ಅಡುಗೆ ಬಲ್ಲ ಅಕ್ಕ, ಇಬ್ಬರೂ ಎದುರು ಬದುರು ಕೂತು ಆ ಸಾರನ್ನು ಸೊರ್ರೆಂದು ಹೀರುತ್ತಿದ್ದೆವು. ಇಂಗು, ಬೆಳ್ಳುಳ್ಳಿ, ಹುಳಿಗೆ ವಾಟೆಪುಡಿ. ಬಾಡಿನ ಆಸೆ ಇದರಲ್ಲೇ ತೀರಿತು ಎಂದು ಅವಳು ಎರಡೆರಡು ಲೋಟ ಕುಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಬಟ್ಟೆ ಒಣಹಾಕಲು ಹೋದವಳು ಬಕೆಟ್ಟನ್ನು ಪಕ್ಕದಲ್ಲಿಟ್ಟು ಸುಮ್ಮನೆ ಕೂತಿದ್ದಾಳೆ. "ಎಂತಕ್ಕೆ ಕೂತ್ಯೇ?" ಎಂದೆ.

"ಕಾಲು ನಂದಲ್ಲ ಅನ್ನಿಸ್ತದೆ ಕಣೇ" ಎಂದಳು.

ತಮಾಷೆ ಎಂದುಕೊಂಡೆ. ಎಬ್ಬಿಸಲು ಹೋದರೆ ಅವಳ ಭಾರ ಪೂರ್ತಿ ನನ್ನ ಮೇಲೇ ಬಂತು. ನೆಲಕ್ಕೆ ಊರಿದ ಪಾದ ಅಲ್ಲಿಯೇ ಇದೆ, ಮಡಚಿಕೊಳ್ಳುವುದೂ ಇಲ್ಲ, ನಿಲ್ಲುವುದೂ ಇಲ್ಲ. ಮತ್ತೆ ಕೂರಿಸಿ ಅವಳ ಮಣಿಕಟ್ಟು ಹಿಡಿದೆ. ಸ್ಕೂಲಿನಲ್ಲಿ ಫಸ್ಟ್ ಏಡ್ ಕಲಿಸಿದ್ದೆನಲ್ಲ, ನಾಡಿ ಎಲ್ಲಿ ಸಿಗುತ್ತದೆಂದು ಗೊತ್ತಿತ್ತು. ಒಂದು ಬಡಿತ ಸಿಕ್ಕಿತು. ಕಾದೆ. ಇನ್ನೊಂದು ಬರಲಿಲ್ಲ. ಬರುವುದೇ ಇಲ್ಲ ಎಂದುಕೊಂಡಾಗ ಬಂತು. ನಡುವೆ ನನಗೆ ನನ್ನ ಎದೆಯದೇ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಅವಳದು ಒಂದಕ್ಕೆ ನನ್ನದು ಮೂರೋ ನಾಲ್ಕೋ.

"ಯಾಕೇ ಹಂಗೆ ಹಿಡ್ಕಂಡೀ? ಬಳೆ ತೊಡಿಸ್ತೀಯಾ?" ಎಂದಳು ಅಕ್ಕ. ನಾಲಗೆ ಸ್ವಲ್ಪ ದಪ್ಪವಾಗಿತ್ತು.

ಪಕ್ಕದ ಮನೆಯವರು ಆಟೋ ಕರೆಸಿದರು. ಕೊಪ್ಪದ ಆಸ್ಪತ್ರೆಯಲ್ಲಿ ಎದೆಗೆ ವೈರು ಹಚ್ಚಿ ಇ.ಸಿ.ಜಿ. ತೆಗೆದರು. ಡ್ಯೂಟಿಯಲ್ಲಿದ್ದ ಯುವಕ ಡಾಕ್ಟರು ಆ ಕಾಗದವನ್ನು ನೋಡಿ, ನನ್ನ ಕಡೆ ನೋಡದೆ, ನರ್ಸಿನ ಕಡೆ ಹೋದರು. ಓಡಲಿಲ್ಲ. ಓಡಬಾರದೆಂದು ಕಷ್ಟಪಟ್ಟು ನಡೆದರು. ಅದು ನನ್ನನ್ನು ಓಟಕ್ಕಿಂತ ಹೆಚ್ಚು ಹೆದರಿಸಿತು. ಏನೋ ಇಂಜೆಕ್ಷನ್ ನಿಧಾನಕ್ಕೆ ಕೊಟ್ಟರು, ಗ್ಲೂಕೋಸ್ ಏರಿಸಿದರು, ಆಂಬ್ಯುಲೆನ್ಸಿಗೆ ಹೇಳಿದರು. ಪೊಟ್ಯಾಶಿಯಂ ಎಂಬ ಪದ ಮಾತ್ರ ನನ್ನ ಕಿವಿಗೆ ಬಿತ್ತು. ಮಕ್ಕಳಿಗೆ ಸ್ಪೆಲಿಂಗ್ ಕೇಳುತ್ತಿದ್ದ ಪದ. ಶಿವಮೊಗ್ಗದ ದಾರಿಯುದ್ದಕ್ಕೂ ನಾನು ಅವಳ ಮುಖ ನೋಡುವುದನ್ನು ಬಿಟ್ಟು ಆಂಬ್ಯುಲೆನ್ಸಿನೊಳಗಿನ ಮಾನಿಟರಿನ ಹಸಿರು ಗೆರೆಯನ್ನೇ ನೋಡಿದೆ. ಒಂದೊಂದು ತಿರುವಿನಲ್ಲೂ ಅದು ಚಪ್ಪಟೆಯಾಗಿಬಿಡುತ್ತದೆ ಎಂದು ಕಾಯುತ್ತಿದ್ದೆ. ಹೇಲ್ ಮೇರಿ ಪ್ರಾರ್ಥನೆ ಶುರು ಮಾಡಿದರೆ ಅರ್ಧಕ್ಕೆ ಮರೆತುಹೋಗುತ್ತಿತ್ತು, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

ಬದುಕಿದಳು. ಎರಡು ಬಾರಿ ಡಯಾಲಿಸಿಸ್ ಮಾಡಿ ರಕ್ತ ತೊಳೆದರು. ವಾರ್ಡಿಗೆ ಬಂದ ಬೆಳಿಗ್ಗೆ ದೊಡ್ಡ ಡಾಕ್ಟರು, ಅವರ ಹಿಂದೆ ಆ ಡಯಟಿಷಿಯನ್ ಹುಡುಗಿ ಬಂದರು. ಇಷ್ಟು ಹೆಚ್ಚು ಪೊಟ್ಯಾಶಿಯಂ ಎಲ್ಲಿಂದ ಬಂತೆಂದು ಅವರಿಗೆ ತಿಳಿಯಬೇಕಿತ್ತು.

"ಎಳನೀರು ಕುಡಿದ್ರಾ ಅಜ್ಜಿ?" ಹುಡುಗಿ ಕೇಳಿದಳು.

"ಇಲ್ಲ ಮಗಾ."

"ಬಾಳೆಹಣ್ಣು? ಯಾರಾದ್ರೂ ಬಾಳೆದಿಂಡಿನ ರಸ ಅಂತ ಕೊಟ್ರಾ?"

"ಕೊಟ್ರು. ಪಕ್ಕದ ಮನೇದು ತಂದಿತ್ತು. ಇವಳು ಮೂಸಕ್ಕೂ ಬಿಡ್ಲಿಲ್ಲ."

"ಸೊಪ್ಪು ತರಕಾರಿ ಬಸಿದೇ ತಿಂತಿದ್ರಾ?"

"ಮತ್ತೆ? ದಿನಾ ಬಸಿಯಾದೇ."

"ಆ ನೀರು ಏನ್ ಮಾಡ್ತಿದ್ರಿ?" ಎಂದಳು ಹುಡುಗಿ.

"ಎಂತ ಮಾಡಾದು ಅಂದ್ರೆ? ಸಾರು ಮಾಡಾದು."

ಹುಡುಗಿಯ ಮುಖ ಬಿಳಿಚಿಕೊಂಡಿತು. "ಅಜ್ಜೀ, ಅದನ್ನ ಬಿಸಾಡಿ ಅಂತ ಹೇಳಿದ್ದೆನಲ್ಲ."

"ಬಸೀಬೇಕು ಅಂದಿ. ಚೆಲ್ಲಾದಕ್ಕೆ ಚೆಲ್ಲಾದು ಅಂತಾರೆ ಮಗಾ."

ಡಾಕ್ಟರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಆಮೇಲೆ ಮಂಚದ ತುದಿಯಲ್ಲಿ ಕೂತು ಬಿಡಿಸಿ ಹೇಳಿದರು. ಸೊಪ್ಪಿನಲ್ಲಿರುವ ಪೊಟ್ಯಾಶಿಯಂ ಬೇಯುವಾಗ ನೀರಿಗೆ ಇಳಿಯುತ್ತದೆ. ಅದು ವಿಷವಲ್ಲ, ಒಳ್ಳೆಯದೇ. ಹೆಚ್ಚಾದದ್ದನ್ನು ನನ್ನ ಕಿಡ್ನಿ ಹೊರಗೆ ಹಾಕುತ್ತದೆ, ಅಕ್ಕನದು ಹಾಕಲಾರದು. ಅದು ರಕ್ತದಲ್ಲೇ ಉಳಿದು ಹೃದಯದ ಲಯ ತಪ್ಪಿಸುತ್ತದೆ. ಇಷ್ಟು ದಿನ ಒಂದೇ ಪಾತ್ರೆಯ ಸಾರು ನಮ್ಮಿಬ್ಬರ ಲೋಟಕ್ಕೂ ಬಿದ್ದಿತ್ತು. ನಾನು ಗಟ್ಟಿಯಾಗಿ ನಿಂತಿದ್ದೆ. ಅವಳು ಮಲಗಿದ್ದಳು. ಅಕ್ಕನ ಕಿಡ್ನಿಗೆ ಯಾವುದೂ ಪೂರ್ತಿ ಆಗಬಾರದು, ಬಾಡೂ ಪೂರ್ತಿ ಆಗಬಾರದು, ಸೊಪ್ಪೂ ಪೂರ್ತಿ ಆಗಬಾರದು ಎಂದರು ಅವರು. ನಾನು ಓದಿದ ಮ್ಯಾಗಜೀನುಗಳು ಬರೆದದ್ದು ನನ್ನಂಥವರಿಗೆ. ಅವಳಂಥವರಿಗೆ ಅಲ್ಲ.

ಮನೆಗೆ ಬಂದ ಮೇಲೆ ನನಗೆ ಎಲ್ಲದರ ಮೇಲೂ ಭಯ. ಟೊಮೇಟೊ ಕಂಡರೆ ಭಯ. ಆಲೂಗಡ್ಡೆ ಕಂಡರೆ ಭಯ. ಹಿರೇಕೊಡಿಗೆಯ ಹೆಂಗಸು ತರುವ ಸೊಪ್ಪಿನ ಕಟ್ಟನ್ನು ಮೂಸಿ ನೋಡುತ್ತಿದ್ದೆ. ಗದ್ದೆಯ ಬದುವಿಗೆ ಈಗ ಕಳೆನಾಶಕ ಹೊಡೆಯುತ್ತಾರಲ್ಲ, ಆ ಬದುವಿನದೇ ಇರಬಹುದೇ ಎಂದು. "ನಮ್ಮ ಬದುಗೆ ಹೊಡೆಯಾದಿಲ್ಲ ಟೀಚರಮ್ಮ, ಪಕ್ಕದವ್ರು ಹೊಡೀತಾರೆ. ಗಾಳಿ ಯಾರ ಮಾತು ಕೇಳ್ತದೆ?" ಎಂದಳು ಅವಳು, ಸತ್ಯವನ್ನೇ. ಹಳೆಯ ಕಾಲದ ಏಡಿಗಳು ಆ ಬದುಗಳಲ್ಲಿ ಈಗಿಲ್ಲ ಎಂಬುದು ಆಗ ನೆನಪಾಯಿತು. ಬಿಳಿ ಕೋಳಿಗೆ ಏನು ತಿನ್ನಿಸಿ ಬೆಳೆಸುತ್ತಾರೋ, ಅದೂ ಭಯ. ಒಂದು ತಟ್ಟೆಯಲ್ಲಿ ಏನಿಟ್ಟರೆ ಇವಳು ನಾಳೆ ಎದ್ದು ಕೂರುತ್ತಾಳೆ ಎಂದು ತಿಳಿಯದೆ ಒಲೆಯ ಮುಂದೆ ನಿಂತೇ ಇರುತ್ತಿದ್ದೆ. ಅವಳು ನಿದ್ದೆ ಹೋದರೆ ಮಣಿಕಟ್ಟು ಮುಟ್ಟಿ ನೋಡುತ್ತಿದ್ದೆ. "ಬಿಡೇ, ಸತ್ರೆ ಹೇಳ್ತೀನಿ" ಎನ್ನುತ್ತಿದ್ದಳು, ಕಣ್ಣು ಬಿಡದೆಯೇ.

ಬಸಿದ ನೀರನ್ನು ಅವಳಿಂದ ಚೆಲ್ಲಲಾಗಲಿಲ್ಲ. ಹಿತ್ತಲ ಬಾಗಿಲ ತನಕ ಪಾತ್ರೆ ಹಿಡಿದುಕೊಂಡು ಹೋಗಿ ನಿಂತುಬಿಡುತ್ತಿದ್ದಳು. ಬಣ್ಣ ಇಳಿದ ಹರಿವೆಯ ಕೆಂಪು ನೀರು, ಆವಿ ಏಳುತ್ತಿದೆ, ಘಮ ಬರುತ್ತಿದೆ. "ನೀನೇ ಚೆಲ್ಲು. ನಂಗೆ ಕೈ ಬರಾದಿಲ್ಲ." ನಾನು ಆರಿಸಿ ಬಾಳೆಯ ಬುಡಕ್ಕೆ ಹಾಕುತ್ತಿದ್ದೆ. ಮೊದಮೊದಲು ಅವಳು ಆ ಕಡೆ ತಿರುಗಿ ನಿಲ್ಲುತ್ತಿದ್ದಳು.

ಮೀನು ಮಾತ್ರ ಬೆಂಕಿಪೊಟ್ಟಣದ ಅಳತೆಯಲ್ಲಿ ಮನೆಗೆ ಮರಳಿ ಬಂತು. ಮೀನಿನವನು ಪೋಂಪ್ ಎಂದಾಗ ಈಗ ಗೇಟಿಗೆ ಹೋಗುವವಳು ನಾನು. ನಿಜವಾಗಿ ಒಂದು ಬೆಂಕಿಪೊಟ್ಟಣ ಹಿಡಿದುಕೊಂಡೇ ಹೋಗಿ ಅಳತೆ ತೋರಿಸಿದೆ. "ಇಷ್ಟು ಸಣ್ಣ ತುಂಡಾ ಅಮ್ಮಾ? ಇದನ್ನ ಕೊಯ್ಯಕ್ಕೆ ನಂಗೆ ಚಾಕು ಬೇಡ, ಬ್ಲೇಡು ಬೇಕು" ಎಂದ. ಒಳಗಿನಿಂದ ಅಕ್ಕ, "ಕಡ್ಡಿನೂ ಅದ್ರಲ್ಲೇ ಇರ್ಲಿ, ಹಂಗೇ ಹೊಗೆ ಹಾಕನ" ಎಂದು ಕೂಗಿದಳು. ಆ ತುಂಡನ್ನು ಅವಳು ಎಷ್ಟು ನಿಧಾನವಾಗಿ ತಿನ್ನುತ್ತಿದ್ದಳೆಂದರೆ, ಮುಳ್ಳು ಬಿಡಿಸಿ, ಬೆರಳ ತುದಿಯಲ್ಲಿ ಮಸಾಲೆ ಸವರಿ, ಒಂದೊಂದು ಎಳೆಯನ್ನೂ. ನಾನು ಎದುರು ಕೂತು ಎಳೆ ಎಣಿಸುತ್ತಿದ್ದೆ.

ಒಂದು ಸಲ ಶೃಂಗೇರಿಗೆ ಹೋಗಬೇಕೆಂದಳು. ದೇವರಿಗಲ್ಲ, ಅಲ್ಲಿ ಯಾರೂ ಹಿಡಿಯದೆ ಬಿಟ್ಟ ತುಂಗೆಯ ಮೀನು ನೋಡಲು. ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿದಳು. ಕಪ್ಪು ಬೆನ್ನಿನ ದೊಡ್ಡ ದೊಡ್ಡ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆದವು.

"ಇವಕ್ಕೆ ಯಾವ ಡಯಟಿಷಿಯನ್ನೂ ಇಲ್ಲ ನೋಡು. ಬರೀ ಮಂಡಕ್ಕಿ ತಿಂದು ಹೆಂಗೆ ಬೆಳ್ದಿದಾವೆ" ಎಂದಳು. ಇನ್ನೊಂದು ಹಿಡಿ ಹಾಕಿ, "ಇಲ್ಲಿ ಮುಟ್ಟದೆ ಬಿಟ್ಟಿದ್ದಕ್ಕೇ ಕೆಳಗೆ ಹೊಳೆಯಲ್ಲಿ ನಮಗೆ ಒಂದಿಷ್ಟು ಸಿಕ್ತಿತ್ತು ಅನ್ನಿಸ್ತದೆ. ಎಲ್ಲಾ ಕಡೆ ಬಾಚಿದ್ರೆ ಎಲ್ಲಿಂದ ಬರ್ತದೆ? ನಿನ್ನ ಮ್ಯಾಗಜೀನಲ್ಲಿ ಇದನ್ನ ಬರ್ದಿದಾರಾ?" ಎಂದಳು.

"ಬರ್ದಿದಾರೆ ಅಕ್ಕಾ. ಇಷ್ಟು ಚೆನ್ನಾಗಲ್ಲ."

ಅವಳು ಎದ್ದು ನಿಲ್ಲಲು ನನ್ನ ಭುಜ ಹಿಡಿದಾಗ ಕೈ ಎಷ್ಟು ಹಗುರವಾಗಿದೆ ಎಂದು ತಿಳಿಯಿತು. ಮೆಟ್ಟಿಲು ಹತ್ತುವಷ್ಟು ಹೊತ್ತು ನಾನು ನೀರಿನ ಕಡೆ ನೋಡಲೇ ಇಲ್ಲ.

ಎಷ್ಟು ಅಳೆದು ಹಾಕಿದರೂ ಉಳಿದ ಕಿಡ್ನಿ ಉಳಿಯಲಿಲ್ಲ. ಅಳತೆಯಿಂದ ನಮಗೆ ಸಿಕ್ಕಿದ್ದು ಒಂದು ಮಳೆಗಾಲ, ಒಂದು ಚಳಿಗಾಲ. ಅದು ಕಡಿಮೆಯಲ್ಲ ಎಂದರು ಡಾಕ್ಟರು. ಆಮೇಲೆ ಡಯಾಲಿಸಿಸ್ಸಿಗೆಂದು ಶಿವಮೊಗ್ಗಕ್ಕೆ ಹೋಗಿ ಬರುವುದೇ ಬದುಕಾಯಿತು. ಪ್ರತಿ ಸಲವೂ ಡಯಾಲಿಸಿಸ್ ಕೋಣೆಯ ಬಾಗಿಲ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಒಳಗಿನಿಂದ ಯಾರಾದರೂ ನನ್ನ ಕಡೆಗೆ ಓಡದೆ, ಕಷ್ಟಪಟ್ಟು ನಡೆದು ಬರುತ್ತಾರೆಯೇ ಎಂದು ನೋಡುತ್ತಿದ್ದೆ.

ಕೊನೆಯ ಸಲ ಆ ಬಾಗಿಲೊಳಗೆ ಹೋದ ದಿನ ಅವಳಿಗೆ ಚಳಿ. ನನ್ನ ಸ್ವೆಟರನ್ನೇ ಅವಳಿಗೆ ಹಾಕಿದ್ದೆ, ತೋಳು ಉದ್ದವಾಗಿ ಬೆರಳು ಮುಚ್ಚಿತ್ತು. ಗಾಲಿಕುರ್ಚಿ ತಳ್ಳುವವನು ಬಾಗಿಲ ಹತ್ತಿರ ತಂದಾಗ ಅವಳು ಕೈ ಎತ್ತಿ ನಿಲ್ಲಿಸಿದಳು.

"ಮಧ್ಯಾಹ್ನಕ್ಕೆ ಎಂತ ತಿಂತೀಯೇ?"

"ಕ್ಯಾಂಟೀನಲ್ಲಿ ಇಡ್ಲಿ ತಿಂತೀನಿ."

"ಬರೀ ಇಡ್ಲಿ ತಿಂದ್ರೆ ಮುಖ ಆ ಗೋಡೆ ಹಂಗೆ ಆಗ್ತದೆ. ಒಂದು ಮೊಟ್ಟೆನೂ ತಗ. ಹಳದಿನೂ ತಿನ್ನು, ನಿಂಗೇನಾಗ್ಯದೆ?"

"ಹ್ಞೂಂ."

"ಹ್ಞೂಂ ಅಲ್ಲ. ತಿಂದು ಬಂದು ನಂಗೆ ಹೇಳು."

ಆಯಿತು ಎಂದೆ. ಅವಳು ಕೈ ಇಳಿಸಿದಳು, ಅವನು ತಳ್ಳಿದ, ಬಾಗಿಲು ಮುಚ್ಚಿಕೊಂಡಿತು. ಬಾಗಿಲಿನ ಗಾಜಿನಲ್ಲಿ ನನ್ನ ಸ್ವೆಟರಿನ ಬೆನ್ನು ಸ್ವಲ್ಪ ದೂರ ಕಂಡಿತು, ಆಮೇಲೆ ಎಡಕ್ಕೆ ತಿರುಗಿತು. ನಾನು ಕ್ಯಾಂಟೀನಿಗೆ ಹೋಗಿ ಮೊಟ್ಟೆ ಇದೆಯಾ ಎಂದು ಕೇಳಿದೆ.